ಚರ್ಚಿನ ಹೊಸಿಲು, ಜಾಝ್ ಮತ್ತು ನಮ್ಮ ತಮಟೆ

ನಮ್ಮಪ್ಪ ತಮಟೆ ಬಾರಿಸುವವನು. ಎಂ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ಯಾರಾದರೂ ಕೇಳಿದರೆ ‘ವ್ಯವಸಾಯ’ ಅನ್ನುತ್ತಿದ್ದೆ. ಪೂರ್ತಿ ಸುಳ್ಳೇನಲ್ಲ, ಮುಕ್ಕಾಲು ಎಕರೆ ಹೊಲ ಇದೆ. ಕೆಲಸ ಸಿಕ್ಕಿದ ಮೇಲೆ ಒಂದು ಭಾನುವಾರ ಸಹೋದ್ಯೋಗಿಗಳಿಬ್ಬರು ಮನೆಗೆ ಬರುತ್ತಾರೆಂದು ಗೊತ್ತಾದಾಗ ಗೋಡೆಗೆ ನೇತುಹಾಕಿದ್ದ ತಮಟೆಯನ್ನು ಇಳಿಸಿ ಮಂಚದ ಕೆಳಗೆ ತಳ್ಳಿದೆ. ಅಪ್ಪ ನೋಡಿದ. ಏನೂ ಅನ್ನಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಮೆರಿಕದ ಚರ್ಚುಗಳೊಳಗೆ ಜಾಝ್ ಸಂಗೀತ ಹೋದ ಚರಿತ್ರೆಯನ್ನು ನಾನು ಓದಲು ಹಿಡಿದದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ನನಗೆ ಸಂಗೀತ ಶಾಸ್ತ್ರ ತಿಳಿಯದು. ಅಪ್ಪನ ದೊಡ್ಡಪ್ಪನ ಕಡೆಯವರು ಅಜ್ಜನ ಕಾಲದಲ್ಲೇ ಕಿಲಸ್ತಾನರಾದವರು. ಆ ಮನೆಯ ಹುಡುಗಿಯೊಬ್ಬಳ ಮದುವೆಗೆ ಅಪ್ಪ, ಅವನ ಜೊತೆಗಾರರು ಮೂರು ಜನ, ಗಂಡಿನ ಮುಂದೆ ಬಾರಿಸಿಕೊಂಡು ಹೋದರು. ಚರ್ಚಿನ ಗೇಟಿನ ಹತ್ತಿರ ಹಿರಿಯರೊಬ್ಬರು ಅಡ್ಡ ಬಂದು, ‘ತಮಟೆ ಇಲ್ಲೇ ಇಡಣ್ಣ, ಒಳಗೆ ಕೀಬೋರ್ಡು ಇದೆ’ ಅಂದರು. ಅವರೂ ನಮ್ಮವರೇ. ಅಪ್ಪ ಹುಣಸೆ ಮರದ ಕೆಳಗೆ ಕೂತ. ಊಟ ಮುಗಿಸಿ ಬರುವಾಗ ದಾರಿಯಲ್ಲಿ ಅಂದ: ‘ಮಾರಿಗುಡಿ ಮುಂದ್ಲೂ ಇಂಗೇ ಮರದಡಿ ಕೂತ್ಕತೀನಿ. ಇಲ್ಲೂ ಇಂಗೇ. ದ್ಯಾವ್ರು ಬ್ಯಾರೆ ಆದ್ರೂ ಮರ ಅದೇ ಕಣ್ಲಾ.’

ಆ ಮಾತು ನನ್ನನ್ನು ಬಿಡಲಿಲ್ಲ. ಜೇಮ್ಸ್ ಕೋನ್ ಎಂಬ ಕಪ್ಪು ಧರ್ಮಶಾಸ್ತ್ರಜ್ಞ 1972ರಲ್ಲಿ ಕಪ್ಪು ಜನರ ಭಕ್ತಿಗೀತೆ ಮತ್ತು ಬ್ಲೂಸ್ ಹಾಡುಗಳ ಬಗ್ಗೆ ಬರೆದ ಪುಸ್ತಕ ಓದುವಾಗ, ಅಲ್ಲೂ ಒಂದು ಮರ ಇದೆ, ಅದರಡಿ ಕೂತವರಿದ್ದಾರೆ ಅಂತ ಗೊತ್ತಾಯಿತು.

ಮೊದಲು ಡೋಲಿನ ವಿಷಯ. 1739ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಡೋಲು ಬಾರಿಸುತ್ತಾ, ಬಿಡುಗಡೆ ಎಂದು ಕೂಗುತ್ತಾ ಅವರು ದಕ್ಷಿಣದತ್ತ ನಡೆದರು. ದಂಗೆಯನ್ನು ರಕ್ತದಲ್ಲಿ ಅದ್ದಿ ಮುಗಿಸಲಾಯಿತು. ಮರುವರ್ಷ, 1740ರಲ್ಲಿ, ಆ ವಸಾಹತು ಒಂದು ಕಾನೂನು ಮಾಡಿತು: ಗುಲಾಮರು ಗುಂಪು ಸೇರಬಾರದು, ಬರೆಯಲು ಕಲಿಯಬಾರದು, ಡೋಲು ಕೊಂಬು ಇಟ್ಟುಕೊಳ್ಳಬಾರದು. ಅಕ್ಷರ ಮತ್ತು ಡೋಲು ಎರಡನ್ನೂ ಒಂದೇ ಕಾನೂನಿನಲ್ಲಿ ಕಸಿದುಕೊಂಡದ್ದನ್ನು ಗಮನಿಸಬೇಕು. ಒಡೆಯನಿಗೆ ಡೋಲಿನ ಶಬ್ದವೂ ಒಂದು ಬರಹ ಅಂತ ಅರ್ಥವಾಗಿತ್ತು.

ನಮ್ಮಲ್ಲಿ ಇದು ತಿರುಗುಮುರುಗು. ಅಲ್ಲಿ ಬಾರಿಸಬಾರದು ಎಂದು ಕಾನೂನು, ಇಲ್ಲಿ ಬಾರಿಸಲೇಬೇಕು ಎಂದು ಕಟ್ಟಳೆ. ಹೆಣದ ಮುಂದೆ, ತೇರಿನ ಮುಂದೆ, ಊರಿಗೆ ಸುದ್ದಿ ಸಾರಲು ಕೇರಿಯವನೇ ಬರಬೇಕು. ಬರದಿದ್ದರೆ ದಂಡ, ಬಹಿಷ್ಕಾರ. ಕಪ್ಪು ಜನರಿಗೆ ಡೋಲು ಕಳೆದುಹೋದ ಸಂಪತ್ತು, ನಮಗೆ ಹೆಗಲ ಮೇಲೆ ಹೊರಿಸಿದ ಹೊರೆ. ಈ ವ್ಯತ್ಯಾಸ ಮರೆತು ‘ಅವರೂ ನಾವೂ ಒಂದೇ’ ಎಂದು ಸಭೆಗಳಲ್ಲಿ ಹೇಳುವ ಗೆಳೆಯರ ಉತ್ಸಾಹ ನನಗೆ ಸ್ವಲ್ಪ ಅನುಮಾನ ತರಿಸುತ್ತದೆ. ಆದರೆ ಎರಡೂ ಕಡೆ ಕೊನೆಗೆ ಉಳಿದ ಪ್ರಶ್ನೆ ಒಂದೇ: ಈ ಸದ್ದನ್ನು ಏನು ಮಾಡುವುದು?

ಡೋಲು ಕಸಿದ ಮೇಲೆ ಅವರು ಮೈಯನ್ನೇ ಡೋಲು ಮಾಡಿಕೊಂಡರು. ಪ್ರಾರ್ಥನೆ ಮುಗಿದ ಮೇಲೆ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ, ವೃತ್ತವಾಗಿ ನಿಂತು, ಕಾಲು ಎತ್ತದೆ, ಅಡ್ಡ ಹಾಕದೆ, ಎಳೆದೆಳೆದು ಸುತ್ತುವುದು. ಕಾಲು ಅಡ್ಡ ಬಿದ್ದರೆ ಅದು ಕುಣಿತವಾಗುತ್ತದೆ, ಕುಣಿತ ಪಾಪ. ಚಪ್ಪಾಳೆ ತಾಳ ಹಿಡಿಯುತ್ತದೆ. ಇದನ್ನು ‘ರಿಂಗ್ ಶೌಟ್’ ಅನ್ನುತ್ತಾರೆ. ಜಾರ್ಜಿಯಾದ ಕಡಲ ಕರಾವಳಿಯಲ್ಲಿ ಇವತ್ತಿಗೂ ಉಳಿದಿರುವ ಈ ಪದ್ಧತಿಯಲ್ಲಿ ಒಬ್ಬ ಪೊರಕೆಯ ಹಿಡಿಯನ್ನು ಮರದ ನೆಲಕ್ಕೆ ಕುಟ್ಟುತ್ತಾನೆ. ಡೋಲಿನ ಜಾಗದಲ್ಲಿ ಪೊರಕೆ. ಆ ಪೊರಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು ಎಬ್ಬಿಸಿ ಎಳೆಯಲು ಬಂದರು. ರಿಚರ್ಡ್ ಅಲೆನ್ ಮತ್ತು ಸಂಗಡಿಗರು ಎದ್ದು ಹೊರಗೆ ನಡೆದರು. 1794ರಲ್ಲಿ ಬೆತೆಲ್ ಚರ್ಚು, 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಎಂಬ ಸ್ವತಂತ್ರ ಸಭೆ. 1801ರಲ್ಲೇ ಅಲೆನ್ ತನ್ನ ಜನಕ್ಕೆಂದು ಬೇರೆ ಹಾಡಿನ ಪುಸ್ತಕ ತಂದಿದ್ದ. ಹೀಗೆ ತಮ್ಮದೇ ಗುಡಿ, ತಮ್ಮದೇ ಪುಸ್ತಕ, ತಮ್ಮದೇ ಪಾದ್ರಿ ಆಯಿತು. ಇನ್ನು ಸದ್ದು ಒಳಗೆ ಬರಬೇಕಲ್ಲ? ಬರಲಿಲ್ಲ. ಬಾಗಿಲಲ್ಲಿ ನಿಂತು ತಡೆದದ್ದು ಈ ಸಲ ಬಿಳಿಯನಲ್ಲ.

ಡೇನಿಯಲ್ ಅಲೆಕ್ಸಾಂಡರ್ ಪೇನ್ ಎಂಬಾತನ ಬಗ್ಗೆ ನಾನು ಬೇಕೆಂದೇ ಸ್ವಲ್ಪ ಹೆಚ್ಚು ಬರೆಯುತ್ತೇನೆ. 1811ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ, ಗುಲಾಮನಲ್ಲದ ಕಪ್ಪು ಕುಟುಂಬದಲ್ಲಿ ಹುಟ್ಟಿದವನು. ಹದಿನೆಂಟರ ವಯಸ್ಸಿಗೆ ಕಪ್ಪು ಮಕ್ಕಳಿಗೆ ಶಾಲೆ ತೆರೆದ. ಕಪ್ಪು ಜನರಿಗೆ ಓದು ಕಲಿಸುವುದನ್ನು ತಡೆಯುವ ಕಾನೂನು ಬಂದು 1835ರಲ್ಲಿ ಶಾಲೆ ಮುಚ್ಚಬೇಕಾಯಿತು. 1852ರಲ್ಲಿ ಅದೇ ಅಲೆನ್‌ನ ಸಭೆಗೆ ಬಿಷಪ್ ಆದ. 1863ರಲ್ಲಿ ವಿಲ್ಬರ್‌ಫೋರ್ಸ್ ಕಾಲೇಜಿನ ಅಧ್ಯಕ್ಷನಾದ. ಅಕ್ಷರಕ್ಕಾಗಿ ಇಷ್ಟು ಹೋರಾಡಿದ ಮನುಷ್ಯ ರಿಂಗ್ ಶೌಟ್ ಕಂಡರೆ ಉರಿದುಬೀಳುತ್ತಿದ್ದ. 1888ರ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ: ಒಂದು ಬಯಲು ಕೂಟದಲ್ಲಿ ಜನ ವೃತ್ತ ಕಟ್ಟಿ ಚಪ್ಪಾಳೆ ತಟ್ಟಿ ಸುತ್ತುವುದನ್ನು ಕಂಡು ಅಲ್ಲಿಯ ಪಾದ್ರಿಗೆ ಹೇಳಿ ನಿಲ್ಲಿಸಿದ, ಇದು ನಮ್ಮ ಜನಾಂಗಕ್ಕೇ ಅವಮಾನ ಅಂದ. ಗುಂಪಿನ ಮುಂದಾಳು, ದೇವರ ಆತ್ಮ ಎಲ್ಲರಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ, ವೃತ್ತ ಇಲ್ಲದೆ ಪಾಪಿಗಳು ಕರಗುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟ.

ಓದುತ್ತಾ ನನಗೆ ಸಿಟ್ಟು ಬಂತು. ಆಮೇಲೆ ಮಂಚದ ಕೆಳಗಿನ ತಮಟೆ ನೆನಪಾಯಿತು. ಪೇನ್ ಅಂದರೆ ನಾನೇ. ಓದಿದ ಮೊದಲ ತಲೆಮಾರು. ಯಾವುದನ್ನು ತೋರಿಸಿ ನಮ್ಮನ್ನು ಕಾಡುಜನ ಎಂದರೋ ಅದನ್ನು ಮೊದಲು ಬಚ್ಚಿಡಬೇಕು, ಆಮೇಲೆ ಮಾತು ಎಂಬ ಲೆಕ್ಕಾಚಾರ. ಇದನ್ನು ಬರೀ ಬ್ರಾಹ್ಮಣೀಕರಣ, ಬರೀ ಬಿಳಿಯರ ಅನುಕರಣೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಶಾಲೆ ಮುಚ್ಚಿಸಿಕೊಂಡವನ ಭಯ ಅದರಲ್ಲಿದೆ. ನಮ್ಮಲ್ಲಿ ಎಷ್ಟೋ ಊರುಗಳಲ್ಲಿ ತಮಟೆ ಬಿಸಾಕಿದ್ದೇ ಚಳವಳಿಯ ಮೊದಲ ಹೆಜ್ಜೆಯಾಗಿತ್ತು. ಹೆಣದ ಮುಂದೆ ಇನ್ನು ಬಾರಿಸುವುದಿಲ್ಲ ಎಂದು ನಿಂತವರು ಏಟು ತಿಂದಿದ್ದಾರೆ. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ಸಿಟ್ಟಿನ ರಾಜಕಾರಣದಲ್ಲಿ ದಲಿತರು ತಮ್ಮ ದೇವರು, ಕಲೆ, ನೆನಪುಗಳನ್ನೂ ಕಳೆದುಕೊಳ್ಳುತ್ತಿದ್ದಾರೆಂಬ ಚಿಂತೆ ತೋಡಿಕೊಂಡರು. ಮಾತು ನಿಜ. ಆದರೆ ಆ ನೆನಪನ್ನು ಹೆಗಲ ಮೇಲೆ ಹೊತ್ತವನಿಗೆ ಅದರ ತೂಕವೂ ಗೊತ್ತಿರುತ್ತದೆ.

ಮತ್ತೆ ಅಮೆರಿಕಕ್ಕೆ. ಒಳಗೆ ಬಿಡದ ಸದ್ದು ಬೀದಿಯಲ್ಲಿ ಬೆಳೆಯಿತು. ನ್ಯೂ ಆರ್ಲಿಯನ್ಸ್ ಊರಿನ ಹೆಣದ ಮೆರವಣಿಗೆ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ, ನಮ್ಮ ಕೇರಿಯದನ್ನೇ ನೆನೆಸಿಕೊಂಡರೆ ಸಾಕು. ಮಸಣಕ್ಕೆ ಹೋಗುವಾಗ ವಾದ್ಯದವರು ಚರ್ಚಿನ ಹಾಡನ್ನು ನಿಧಾನವಾಗಿ ಅಳುವಂತೆ ನುಡಿಸುತ್ತಾರೆ, ಮಣ್ಣು ಮಾಡಿ ಬರುವಾಗ ಅದೇ ಥರದ ಹಾಡುಗಳನ್ನು ಕುಣಿಯುವ ಲಯಕ್ಕೆ ಏರಿಸುತ್ತಾರೆ. ಜಾಝ್ ಹುಟ್ಟಿದ ತೊಟ್ಟಿಲುಗಳಲ್ಲಿ ಇದೂ ಒಂದು. ಅಂದರೆ ಜಾಝ್ ಚರ್ಚಿನ ಹೊರಗಿನದು ಎಂಬ ಮಾತೇ ಅರ್ಧ ಸುಳ್ಳು. ಚರ್ಚಿನಿಂದ ಹೊರಬಿದ್ದದ್ದೇ ಹೆಂಡದಂಗಡಿ, ಸೂಳೆಗೇರಿ, ಕ್ಲಬ್ಬುಗಳಲ್ಲಿ ಕೂಲಿ ಮಾಡಿತು. ಆಮೇಲೆ ಅದೇ ಕಾರಣಕ್ಕೆ ‘ಸೈತಾನನ ಸಂಗೀತ’ ಅನ್ನಿಸಿಕೊಂಡಿತು. ಹೊಟ್ಟೆಪಾಡಿಗೆ ಹೋದ ಜಾಗವನ್ನೇ ಕುಲ ಮಾಡಿಬಿಡುವ ಈ ಜಾಣತನ ನಮಗೆ ಹೊಸದಲ್ಲ.

1930ರ ದಶಕದಲ್ಲಿ ಥಾಮಸ್ ಡಾರ್ಸಿ ಒಂದು ಕಿಂಡಿ ತೆರೆದ. ಮಾ ರೇನಿ ಎಂಬ ದೊಡ್ಡ ಬ್ಲೂಸ್ ಗಾಯಕಿಯ ಜೊತೆ ಪಿಯಾನೋ ನುಡಿಸುತ್ತಿದ್ದವನು, ಪಾದ್ರಿಯ ಮಗ. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವನು ಕಟ್ಟಿದ ಹಾಡು ಬ್ಲೂಸಿನ ಮೈ, ಪ್ರಾರ್ಥನೆಯ ಮಾತು ಹೊತ್ತಿತ್ತು. ಮೊದಮೊದಲು ದೊಡ್ಡ ಕಪ್ಪು ಚರ್ಚುಗಳು ಮೂಗು ಮುರಿದವು. ಷಿಕಾಗೋದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚು ಅವನನ್ನು ಇಟ್ಟುಕೊಂಡಿತು. ಇದನ್ನೇ ನಾವು ಈಗ ಗಾಸ್ಪೆಲ್ ಎನ್ನುವುದು.

ಜಾಝ್ ಮಾತ್ರ ಹೆಸರು ಹೇಳಿಕೊಂಡು ಬಾಗಿಲಿಂದಲೇ ಆರಾಧನೆಗೆ ಬಂದದ್ದು ಬಹುಮಟ್ಟಿಗೆ 1950ರ ದಶಕದ ಕೊನೆಗೆ. ಇಲ್ಲಿ ಒಂದು ವ್ಯಂಗ್ಯವಿದೆ. ಮೊದಲು ಬಾಗಿಲು ತೆಗೆದವರಲ್ಲಿ ಬಿಳಿಯರ ಉದಾರವಾದಿ ಚರ್ಚುಗಳೇ ಮುಂದೆ. 1959ರಲ್ಲಿ ಡಲ್ಲಾಸಿನ ಧರ್ಮಶಾಸ್ತ್ರ ಶಾಲೆಯೊಂದರ ಚಾಪೆಲ್ಲಿನಲ್ಲಿ ಎಡ್ ಸಮ್ಮರ್ಲಿನ್ ಎಂಬ ಬಿಳಿಯ ಸ್ಯಾಕ್ಸೊಫೋನ್ ವಾದಕ ಜಾಝ್ ಆರಾಧನೆ ಮಾಡಿದ, ಅದು ಸುದ್ದಿಯಾಯಿತು. 1965ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ರೇಸ್ ಕೆಥೀಡ್ರಲ್ಲಿನಲ್ಲಿ ವಿನ್ಸ್ ಗ್ವರಾಲ್ಡಿಯ ಜಾಝ್ ಪೂಜೆ. ಅವನೂ ಬಿಳಿಯನೇ. ಸೃಷ್ಟಿಸಿದವರು ಹೊರಗೆ, ಪ್ರಯೋಗ ಮಾಡುವವರು ಒಳಗೆ.

ಅದೇ ಗ್ರೇಸ್ ಕೆಥೀಡ್ರಲ್ಲಿಗೆ ಅದೇ ವರ್ಷ ಸೆಪ್ಟೆಂಬರ್ 16ರಂದು ಡ್ಯೂಕ್ ಎಲಿಂಗ್ಟನ್ ತನ್ನ ಇಡೀ ವಾದ್ಯಮೇಳ ಕರೆದುಕೊಂಡು ಬಂದ. ಎರಡು ವರ್ಷದ ಹಿಂದೆ, 1963ರ ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮ್‌ನ ಕಪ್ಪು ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದಿದ್ದರು. ಈ ಕೆಥೀಡ್ರಲ್ ಇರುವುದು ನಾಬ್ ಹಿಲ್ ಎಂಬ ಸಿರಿವಂತರ ಗುಡ್ಡದ ಮೇಲೆ. ಎಲಿಂಗ್ಟನ್ನನಿಗೆ ಅರವತ್ತಾರು ವರ್ಷ. ಸೃಷ್ಟಿಯ ಆದಿಯ ಬಗೆಗಿನ ಬೈಬಲ್ ಮಾತನ್ನು ಹ್ಯಾರಿ ಕಾರ್ನಿಯ ದಪ್ಪ ದನಿಯ ಸ್ಯಾಕ್ಸೊಫೋನಿನಿಂದ ಶುರುಮಾಡಿದ. ಕೊನೆಗೆ ಬನ್ನಿ ಬ್ರಿಗ್ಸ್ ಎಂಬ ಕಪ್ಪು ನರ್ತಕ ಬೂಟುಗಾಲಿನಲ್ಲಿ ಟಪಟಪ ಕುಣಿದ, ದಾವೀದ ರಾಜ ದೇವರ ಮುಂದೆ ಕುಣಿದ ಹಾಗೆ. ಹಿಂದಿದ್ದ ರಾಗ 1943ರಲ್ಲಿ ಎಲಿಂಗ್ಟನ್ ತನ್ನ ಜನರ ಚರಿತ್ರೆಯನ್ನೇ ಸಂಗೀತವಾಗಿ ಬರೆದಾಗ ಭಾನುವಾರದ ಪ್ರಾರ್ಥನೆಗೆಂದು ಕಟ್ಟಿದ್ದು, ಈಗ ದುಪ್ಪಟ್ಟು ಓಟದಲ್ಲಿತ್ತು. ಕಾಲು ಅಡ್ಡ ಹಾಕಬಾರದು ಎಂದು ಎಳೆದೆಳೆದು ಸುತ್ತಿದವರ ಮೊಮ್ಮಗ ದೊಡ್ಡ ಗುಡಿಯಲ್ಲಿ ಕಾಲೆತ್ತಿ ಕುಣಿದ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ, 1966ರ ಡಿಸೆಂಬರಿನಲ್ಲಿ, ತಾನು ಹುಟ್ಟಿದೂರಾದ ವಾಷಿಂಗ್ಟನ್ನಿನಲ್ಲಿ ಎಲಿಂಗ್ಟನ್ ಇದನ್ನೇ ನುಡಿಸಲು ಹೋದಾಗ ಅಲ್ಲಿಯ ಬ್ಯಾಪ್ಟಿಸ್ಟ್ ಪಾದ್ರಿಗಳ ಒಕ್ಕೂಟ ಬೆಂಬಲ ಕೊಡುವುದಿಲ್ಲವೆಂದು ನಿರ್ಣಯ ಮಾಡಿತು. ನೈಟ್‌ಕ್ಲಬ್ಬುಗಳಲ್ಲಿ ನುಡಿಸುವವನು, ಲೌಕಿಕ ಸಂಗೀತ, ಹೀಗೆ ಕಾರಣಗಳು. ಎಲಿಂಗ್ಟನ್ನನ ತಾಯಿ ಅದೇ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ಮಗನನ್ನು ಕೈಹಿಡಿದು ಕರೆದೊಯ್ದವಳು. ಕಾರ್ಯಕ್ರಮ ನಡೆದದ್ದು ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ. ಕಪ್ಪು ಗಾಯಕಿ ಮರಿಯನ್ ಆಂಡರ್ಸನ್‌ಗೆ 1939ರಲ್ಲಿ ಹಾಡಲು ಜಾಗ ಕೊಡದೆ ಬಾಗಿಲು ಹಾಕಿದ ಸಭಾಂಗಣ ಅದು. ಹಳೆಯ ಬಾಗಿಲು ತೆರೆದಿತ್ತು, ತಾಯಿಮನೆಯದು ಮುಚ್ಚಿಕೊಂಡಿತು. ಎಲಿಂಗ್ಟನ್ ಬಿಡಲಿಲ್ಲ. 1968ರಲ್ಲಿ ನ್ಯೂಯಾರ್ಕಿನ ದೊಡ್ಡ ಕೆಥೀಡ್ರಲ್ಲಿನಲ್ಲಿ ಎರಡನೆಯದು, ಸಾಯುವ ಹಿಂದಿನ ವರ್ಷ 1973ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೆಯದು ಮಾಡಿದ. ಆದರೂ ಗಮನಿಸಿ, ಇವು ಕಛೇರಿಗಳು. ಅವನೇ ‘ಪವಿತ್ರ ಕಛೇರಿ’ ಎಂದು ಕರೆದ. ವಾರವಾರದ ಆರಾಧನೆಯಲ್ಲ. ಹಬ್ಬದ ದಿನ ಒಳಗೆ ಕರೆದು ಶಾಲು ಹೊದಿಸುವುದಕ್ಕೂ, ದಿನಾ ಒಳಗಿರುವುದಕ್ಕೂ ವ್ಯತ್ಯಾಸವಿದೆ.

ನನಗೆ ಇವರೆಲ್ಲರಿಗಿಂತ ಹತ್ತಿರದವಳು ಮೇರಿ ಲೂ ವಿಲಿಯಮ್ಸ್. 1910ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಬೆಳೆದವಳು. ಗಂಡಸರ ಲೋಕವಾದ ಜಾಝಿನಲ್ಲಿ ಪಿಯಾನೋ ಮುಂದೆ ಕೂತು ಎಲಿಂಗ್ಟನ್ನನಂಥವರಿಗೇ ಸಂಗೀತ ಬರೆದುಕೊಟ್ಟಳು. (ನಮ್ಮ ಕೇರಿಯಲ್ಲಿ ಹೆಣ್ಣು ತಮಟೆ ಮುಟ್ಟಬಾರದು. ಆ ಕಟ್ಟು ಮಾಡಿದವರು ಊರಿನವರಲ್ಲ, ನಾವೇ.) 1954ರಲ್ಲಿ ಪ್ಯಾರಿಸಿನಲ್ಲಿ ನುಡಿಸುವುದನ್ನೇ ಬಿಟ್ಟಳು. 1957ರಲ್ಲಿ ಕೆಥೋಲಿಕ್ ಆದಳು. ಕುಡಿತ, ಮಾದಕವಸ್ತುಗಳಲ್ಲಿ ಹಾಳಾದ ಸಂಗೀತಗಾರರನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದಳು, ಅವರಿಗಾಗಿ ಹಳೆಬಟ್ಟೆ ಅಂಗಡಿ ನಡೆಸಿದಳು. ಮತ್ತೆ ಪಿಯಾನೋಗೆ ಬಂದು 1962ರಲ್ಲಿ ಅವಳು ಬರೆದ ಸ್ತುತಿ ಯಾರ ಮೇಲೆ ಎಂಬುದು ಮುಖ್ಯ: ಸಂತ ಮಾರ್ಟಿನ್ ದ ಪೊರೆಸ್.

ಮಾರ್ಟಿನ್ 1579ರಲ್ಲಿ ಪೆರು ದೇಶದ ಲಿಮಾದಲ್ಲಿ ಹುಟ್ಟಿದವನು. ಅಪ್ಪ ಸ್ಪೇನಿನ ಕುಲೀನ, ಅಮ್ಮ ಬಿಡುಗಡೆಯಾದ ಕಪ್ಪು ಹೆಂಗಸು. ಕ್ಷೌರದ ಕೆಲಸ, ಗಾಯಕ್ಕೆ ಮದ್ದು ಕಟ್ಟುವುದು ಕಲಿತ. ಆಫ್ರಿಕನ್ನರ, ಮೂಲನಿವಾಸಿಗಳ ರಕ್ತ ಇದ್ದವರು ಮಠದ ಪೂರ್ಣ ಸದಸ್ಯರಾಗಬಾರದು ಎಂದು ಕಾನೂನಿತ್ತು. ಅದಕ್ಕೇ ಡೊಮಿನಿಕನ್ ಮಠಕ್ಕೆ ಆಳಾಗಿ ಸೇರಿ ಗುಡಿಸಿದ, ಬಟ್ಟೆ ಒಗೆದ, ರೋಗಿಗಳ ಮಲಮೂತ್ರ ಬಳಿದ. 1639ರಲ್ಲಿ ತೀರಿಕೊಂಡ. ಅವನ ಚಿತ್ರ, ವಿಗ್ರಹ ಎಲ್ಲೇ ನೋಡಿ, ಕೈಯಲ್ಲಿ ಪೊರಕೆ ಇರುತ್ತದೆ. ರೋಮ್ ಅವನನ್ನು ಸಂತನೆಂದು ಸಾರಿದ್ದು 1962ರ ಮೇ ತಿಂಗಳಲ್ಲಿ, ಸತ್ತ ಮುನ್ನೂರ ಇಪ್ಪತ್ಮೂರು ವರ್ಷಕ್ಕೆ. ಗುಡಿಸುವವನಿಗೆ ಗುಡಿಯೊಳಗೆ ಜಾಗ ಸಿಗಲು ಅಷ್ಟು ಹೊತ್ತು ಹಿಡಿಯಿತು. ಮೇರಿ ಲೂ ಅವನನ್ನು ‘ಆಂಡಿಸ್ ಪರ್ವತದ ಕಪ್ಪು ಕ್ರಿಸ್ತ’ ಎಂದು ಕರೆದಳು. ಪೊರಕೆ ಹಿಡಿದವನನ್ನು ಕ್ರಿಸ್ತ ಅನ್ನುವುದು ಬರೀ ಭಕ್ತಿಯಲ್ಲ.

ಆಮೇಲೆ ಅವಳು ಪೂಜೆಗೇ ಸಂಗೀತ ಬರೆಯಲು ಕೂತಳು. ಕಛೇರಿಗಲ್ಲ, ಪೂಜೆಗೆ. 1967ರಲ್ಲಿ ಪಿಟ್ಸ್‌ಬರ್ಗಿನ ಕೆಥೀಡ್ರಲ್ಲಿನಲ್ಲಿ ತಾನು ಪಾಠ ಹೇಳುತ್ತಿದ್ದ ಶಾಲೆಯ ಹುಡುಗಿಯರಿಂದ ಹಾಡಿಸಿದಳು. ಮೂರನೆಯ ಪೂಜಾಸಂಗೀತಕ್ಕೆ 1971ರಲ್ಲಿ ಆಲ್ವಿನ್ ಏಲಿ ನೃತ್ಯ ಕಟ್ಟಿದ, ಅದರಿಂದ ‘ಮೇರಿ ಲೂಸ್ ಮಾಸ್’ ಎಂಬ ಹೆಸರು ನಿಂತಿತು. 1975ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ಲಿನಲ್ಲಿ ಪೂಜೆ ನಡೆಯುವಾಗಲೇ ಅದನ್ನು ನುಡಿಸಲಾಯಿತು. ಬ್ಲೂಸ್ ತಿಳಿಯದೆ ಜಾಝ್ ಇಲ್ಲ, ದುಃಖ ತಿಳಿಯದೆ ಬ್ಲೂಸ್ ಇಲ್ಲ ಎಂಬುದು ಅವಳು ಜೀವಮಾನವಿಡೀ ಹೇಳುತ್ತಾ ಬಂದ ಮಾತಿನ ಸಾರ. ಅವಳ ಮಟ್ಟಿಗೆ ಜಾಝ್ ಪೂಜೆಗೆ ಹಾಕುವ ಒಗ್ಗರಣೆಯಾಗಿರಲಿಲ್ಲ, ಅದೇ ಪೂಜೆಯಾಗಿತ್ತು.

ಕೋಲ್ಟ್ರೇನ್ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದವರಿದ್ದಾರೆ. ಇಬ್ಬರೂ ತಾತಂದಿರು ಪಾದ್ರಿಗಳಾಗಿದ್ದ ಮನುಷ್ಯ. 1964ರ ಡಿಸೆಂಬರಿನಲ್ಲಿ ಮುದ್ರಿಸಿದ ‘ಎ ಲವ್ ಸುಪ್ರೀಮ್’ ಕೊನೆಯ ಭಾಗದಲ್ಲಿ ತಾನೇ ಬರೆದ ಪ್ರಾರ್ಥನೆಯನ್ನು ಬಾಯಲ್ಲಿ ಹಾಡದೆ, ಉಚ್ಚಾರ ಉಚ್ಚಾರವಾಗಿ ಸ್ಯಾಕ್ಸೊಫೋನಿನಲ್ಲೇ ಓದಿದ. ಸ್ಯಾನ್ ಫ್ರಾನ್ಸಿಸ್ಕೊದ ಫ್ರ್ಯಾಂಜೊ ಕಿಂಗ್, ಮರೀನಾ ಕಿಂಗ್ ದಂಪತಿ 1965ರಲ್ಲಿ ಅವನನ್ನು ಕೇಳಿ ಮೈಮರೆತು, ಮುಂದೆ ಅವನ ಹೆಸರಲ್ಲೇ ಚರ್ಚು ಕಟ್ಟಿದರು. 1982ರಲ್ಲಿ ಆಫ್ರಿಕನ್ ಆರ್ಥೊಡಾಕ್ಸ್ ಚರ್ಚು ಅವರನ್ನು ಸೇರಿಸಿಕೊಂಡು ಕೋಲ್ಟ್ರೇನನನ್ನು ಸಂತನೆಂದು ಒಪ್ಪಿತು. ಅಲ್ಲಿ ಭಾನುವಾರದ ಆರಾಧನೆಯೇ ಆ ಸಂಗೀತ. ನಗರ ಬೆಳೆದು, ಬಾಡಿಗೆ ಏರಿ, ಕಪ್ಪು ಜನರೆಲ್ಲ ಆ ಬಡಾವಣೆಗಳಿಂದ ಹೊರಬಿದ್ದ ಹಾಗೆ ಈ ಚರ್ಚೂ ಜಾಗ ಬದಲಿಸುತ್ತಾ ಹೋಯಿತು. 2016ರಲ್ಲಿ ಫಿಲ್‌ಮೋರ್ ಬೀದಿಯ ಕಟ್ಟಡವನ್ನೂ ಬಿಡಬೇಕಾಯಿತು. ಈಗ ತಡೆಯಲು ಪಾದ್ರಿ ಬೇಕಿಲ್ಲ, ಬಾಡಿಗೆ ಸಾಕು.

ಇದು ನಮಗೆ ಯಾಕೆ ಬೇಕು ಎಂದು ಕೇಳುವವರಿಗೆ ಒಂದು ಮಾತು. 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಆಯಾ ಜನರ ಸಂಗೀತ, ಭಾಷೆಗಳನ್ನು ಪೂಜೆಗೆ ತರಬಹುದೆಂದು ಬಾಗಿಲು ತೆರೆಯಿತು. ಮೇರಿ ಲೂ ಕೆಥೀಡ್ರಲ್ಲಿಗೆ ಬಂದದ್ದು ಆ ಬಾಗಿಲಿಂದಲೇ. ಅದೇ ಬಾಗಿಲಿಂದ ಭಾರತದ ಚರ್ಚಿಗೆ ಏನು ಬಂತು? 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಆರತಿ, ಎಣ್ಣೆದೀಪ, ಧೂಪ, ಅಂಜಲಿಹಸ್ತ, ಪಂಚಾಂಗ ಪ್ರಣಾಮ ಇದ್ದವು. ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಆರಾಧನಾ ಕೇಂದ್ರ ಇದನ್ನು ದೇಶಕ್ಕೆಲ್ಲ ಕಲಿಸಿತು. ವಿದ್ವತ್ತು, ಶ್ರದ್ಧೆ ಎರಡೂ ಇದ್ದ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಭಾರತೀಯ ಎಂದರೆ ಅಗ್ರಹಾರದ್ದು ಎಂದು ತಿಳಿದ ಭಾರತೀಕರಣ ಅದು. ಈ ದೇಶದ ಕ್ರೈಸ್ತರಲ್ಲಿ ದೊಡ್ಡ ಪಾಲು ಕೇರಿಯಿಂದ ಬಂದವರು. ಕೇರಿಯ ಸದ್ದು ಆ ಹನ್ನೆರಡರಲ್ಲಿ ಇಲ್ಲ. 1981ರಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ಧರ್ಮಶಾಸ್ತ್ರದ ಬಗ್ಗೆ ಮಾತಾಡಿದ್ದು ಈ ಇಲ್ಲದ್ದರ ಬಗ್ಗೆಯೇ. ದಲಿತ ಧರ್ಮಶಾಸ್ತ್ರ ಬೆಳೆದದ್ದು ಅಲ್ಲಿಂದ. ಮಧುರೆಯಲ್ಲಿ ಥಿಯೋಫಿಲಸ್ ಅಪ್ಪಾವು, 2005ರಲ್ಲಿ ತೀರಿಕೊಳ್ಳುವವರೆಗೂ, ಕರ್ನಾಟಕ ಸಂಗೀತ ಬದಿಗಿಟ್ಟು ಹಳ್ಳಿ ಮಟ್ಟುಗಳಲ್ಲೇ ಆರಾಧನೆ ಕಟ್ಟಿದರು.

ಒಂದು ಸಣ್ಣ ವಿಷಯ. ಜಾಝ್ ನಮ್ಮ ಬೆಂಗಳೂರಿಗೆ ಬಂದಾಗ ಯಾರ ಕೈಹಿಡಿಯಿತು? 1983ರ ‘ಜ್ಯೋತಿ’ ಎಂಬ ಧ್ವನಿಮುದ್ರಣದಲ್ಲಿ ಚಾರ್ಲಿ ಮರಿಯಾನೊನ ಸ್ಯಾಕ್ಸೊಫೋನು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರ ಜೊತೆ ನುಡಿಯಿತು. ಒಳ್ಳೆಯ ಸಂಗೀತ, ಕೇಳಿದ್ದೇನೆ. ಆದರೆ ಕೇರಿಯಲ್ಲಿ ಹುಟ್ಟಿದ ಸಂಗೀತ ಇಲ್ಲಿ ಗುರುತಿಸಿದ್ದು ಮೃದಂಗವನ್ನು, ತಮಟೆಯನ್ನಲ್ಲ. ಆ ಮೃದಂಗಕ್ಕಾದರೂ ಚರ್ಮ ಹದ ಮಾಡಿ ಕಟ್ಟುವವರು ಯಾರು? ಟಿ.ಎಂ. ಕೃಷ್ಣ 2020ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಆ ಕುಟುಂಬಗಳ ಬಗ್ಗೆ. ಅವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ದನದ ಚರ್ಮದ ಮಾತು ಪತ್ರಿಕೆಯಲ್ಲಿ ಬಂತೆಂದು ಚೆನ್ನೈನ ಕಲಾಕ್ಷೇತ್ರ ಪುಸ್ತಕ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ವಾಪಸ್ಸು ಪಡೆಯಿತು. ಮೃದಂಗ ವೇದಿಕೆ ಮೇಲೆ ಇರಬಹುದು, ಅದು ಚರ್ಮ ಎಂಬ ಮಾತು ಇರಬಾರದು.

ತಮಟೆ ಈಗ ಗೋಡೆಗೆ ಬಂದಿದೆ. ಅಪ್ಪ ಬಾರಿಸುವುದು ಕಡಿಮೆ ಮಾಡಿದ್ದಾನೆ, ಹೆಣದ ಮುಂದಂತೂ ಬಿಟ್ಟಿದ್ದಾನೆ. ನಾನು ಬಿಡಿಸಿದ್ದಲ್ಲ, ಮಂಡಿನೋವು. ಹೋದ ತಿಂಗಳು ಊರಿಗೆ ಹೋದಾಗ ಫೋನಿನಲ್ಲಿ ‘ಎ ಲವ್ ಸುಪ್ರೀಮ್’ ಹಾಕಿ ಕಿವಿಗೆ ಹಿಡಿದೆ. ಸ್ಯಾಕ್ಸೊಫೋನು ಅವನಿಗೆ ಹಿಡಿಸಲಿಲ್ಲ, ‘ಇದೇನ್ಲಾ ಒಂದೇ ಸಮ್ನೆ ಅರಚ್ತದೆ’ ಅಂದ. ಎಲ್ವಿನ್ ಜೋನ್ಸನ ಡ್ರಮ್ಮು ಬಂದಾಗ ಸುಮ್ಮನಾದ. ಬೆರಳು ತೊಡೆ ಮೇಲೆ ಆಡತೊಡಗಿತು. ಮುಗಿಯುವವರೆಗೂ ಮಾತಾಡಲಿಲ್ಲ.

‘ಇದ್ರಲ್ಲಿ ಎಷ್ಟ್ ಜನ ಬಾರಿಸ್ತಾವ್ರೆ? ನಾಕು?’

‘ಒಬ್ನೇ ಅಪ್ಪಾ.’

‘ಒಬ್ನೇನಾ?’ ಫೋನನ್ನು ತಿರುಗಿಸಿ ನೋಡಿದ. ‘ಅವ್ನಿಗೆ ಕೂಲಿ ಎಷ್ಟ್ ಕೊಟ್ರಂತೆ?’